ದ್ರಾಕ್ಷಿ ಹಿಂಡುವ ಮುನ್ನ

ವಿಜಯಪುರ
ಫೆಬ್ರವರಿ ೩೦, ೨೩೧೪

ಗುರುಬಸವ್ವಜ್ಜಿಗೆ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಹಳೆಯ ಅನ್ಯಾಯ ಸರಿಪಡಿಸಿದ್ದಾರೆ. ನಿಮಗಿನ್ನೂ ಮೂವತ್ತರ ಹರೆಯ, ಎಪ್ಪತ್ತು ದಾಟಿದ ನಾನು ಅಜ್ಜಿ ಎನ್ನುತ್ತಿದ್ದೇನೆ ಎಂದು ನಗಲೂಬೇಡಿ. ನಾನು ಚೆನ್ನಾಂಬರಿ, ನಿಮ್ಮ ಮಗನ ವಂಶದವಳು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಂದು ಮನೆತನಕ್ಕೆ ಒಂದೇ ಕಾಗದ. ನಮ್ಮವರೆಲ್ಲ ಕೂತು ಜಗಳಾಡಿ, ಕೊನೆಗೆ ಅದನ್ನು ನಿಮ್ಮ ಮಗಳು ನೀಲಾಂಬಿಕಾಳಿಗಾಗಿ ಬರೆಯೋಣ ಎಂದು ಒಪ್ಪಿದೆವು.

ನೀವು ತಂಗಿಗೆ ಫೋನಿನಲ್ಲಿ ಕಳಿಸಿದ ಮಾತೊಂದು ನಮ್ಮವರೆಗೂ ಉಳಿದು ಬಂದಿದೆ. ಎಳೆಯ ಮಗಳ ಲಿವರಿನಲ್ಲಿ ಕೊಬ್ಬು ಸೇರಿದೆ, ಬಾಟಲಿಯ ತಂಪು ಪಾನೀಯ ಬಿಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ನೀವು ಬಿಡಿಸಿದ್ದೀರಿ. ಹಿಂದೆ ಮಿಕ್ಸರಿನ ಗರಗರ ಸದ್ದು, ಮುಂದೆ ನಿಮ್ಮ ದನಿ: "ಅಂಗಡಿ ಬಾಟ್ಲಿ ಮುಟ್ಟಾಕ ಬಿಡಂಗಿಲ್ಲ ನೋಡ ತಂಗಿ. ಈಗ ಎರಡೂ ಹೊತ್ತು ದ್ರಾಕ್ಷಿ ಹಿಂಡಿ, ಸೋಸಿ, ದೊಡ್ಡ ಗಿಲಾಸಿನ ತುಂಬ ಕೊಡ್ತೀನಿ. ಹಣ್ಣಿನ ರಸ, ಅದರಿಂದ ಏನಾಗ್ತೈತಿ?" ಆ ದನಿಯಲ್ಲಿನ ಪ್ರೀತಿಗೆ ನನಗೆ ಪ್ರತಿಸಲವೂ ಕಣ್ಣು ತುಂಬುತ್ತದೆ.

ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ ಅಜ್ಜಿ. ನಮ್ಮ ಮನೆಗಳಲ್ಲಿ ಒಡಲಗನ್ನಡಿ ಇರುತ್ತದೆ. ಎದುರು ನಿಂತರೆ ಮೈಯೊಳಗಿನದೆಲ್ಲ ಕಾಣುತ್ತದೆ. ಮೊಮ್ಮಗಳು ಮುಕ್ತಾಯಿ ಒಮ್ಮೆ ಅದರೆದುರು ಕೂತು ದ್ರಾಕ್ಷಿ ತಿಂದಳು. ಜಗಿದೂ ಜಗಿದೂ ಅರ್ಧ ಗೊಂಚಲಿಗೇ ಸಾಕೆಂದಳು. ನಾರಿನ ಜೊತೆಗೆ ಸಿಹಿ ಮೆಲ್ಲಗೆ ಇಳಿಯಿತು, ಕರುಳೇ ಸಾಕಷ್ಟನ್ನು ನಿಭಾಯಿಸಿ, ಉಳಿದದ್ದನ್ನು ಲಿವರಿಗೆ ಸ್ವಲ್ಪ ಸ್ವಲ್ಪವೇ ಕಳಿಸಿತು. ಇನ್ನೊಂದು ದಿನ ಮೂರು ಗೊಂಚಲು ಹಿಂಡಿ ಸೋಸಿದ ರಸವನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ಊಟಕ್ಕ ಏನೈತಿ?" ಎಂದಳು! ಕುಡಿದದ್ದನ್ನು ಹೊಟ್ಟೆ ಊಟವೆಂದೇ ಎಣಿಸಲಿಲ್ಲ. ಸಿಹಿಯೆಲ್ಲ ಒಟ್ಟಿಗೇ ನುಗ್ಗಿತು, ಲಿವರು ತಾನು ನಿಭಾಯಿಸಲಾರದ್ದನ್ನು ಕೊಬ್ಬು ಮಾಡತೊಡಗಿತು. ಬಾಟಲಿಯ ಪಾನೀಯಕ್ಕೂ ಇದಕ್ಕೂ ಕನ್ನಡಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಾನು ಆ ಲಿವರಿಗೆ ಕೈಮುಗಿದು ನಿಂತುಬಿಟ್ಟೆ. ನೋವೆಂದು ಒಂದು ಮಾತೂ ಆಡದೆ ದುಡಿಯುವ ಇಂಥ ಸೊಸೆ ಯಾವ ಮನೆಯಲ್ಲಿದ್ದಾಳೆ ಹೇಳಿ!

ಅದಕ್ಕೇ ನಮ್ಮಲ್ಲಿ ಬಂದವರಿಗೆ ಗಿಲಾಸು ಕೊಡುವ ಪದ್ಧತಿಯಿಲ್ಲ. ಇಡೀ ಹಣ್ಣು ಕೊಟ್ಟು, ಅವರು ಜಗಿದು ಮುಗಿಸುವವರೆಗೆ ಜೊತೆಗೆ ಕೂತಿರುತ್ತೇವೆ. ಇದಕ್ಕೆ ಜಗಿಹೊತ್ತು ಎಂದು ಹೆಸರು. ಅವಸರದವರು ನಮ್ಮನ್ನು ಬೈದುಕೊಂಡೇ ಪೇರಲ ತಿನ್ನುತ್ತಾರೆ.

ನೀಲಾಂಬಿಕಾಳಿಗೆ ಹರೆಯದಲ್ಲೇ ಸಕ್ಕರೆ ಕಾಯಿಲೆ ಬಂತು. ಮಕ್ಕಳಾಗುವ ಮೊದಲೇ ಹೋಗಿಬಿಟ್ಟಳು. ರಸವೊಂದೇ ಕಾರಣವೆಂದು ನಾನು ಹೇಳಲಾರೆ, ನಿಮ್ಮ ತಪ್ಪೆಂದು ಖಂಡಿತ ಹೇಳಲಾರೆ. ಅತಿಯಾದರೆ ಅಮೃತವೂ ವಿಷ ಎಂಬುದು ನಿಮಗೂ ಗೊತ್ತು, ದ್ರಾಕ್ಷಿಯ ಮೇಲೆ ನಿಮಗೆ ಅನುಮಾನ ಬರಲಿಲ್ಲ ಅಷ್ಟೆ. ಆದರೆ ನನ್ನನ್ನು ದಂಗುಬಡಿಸಿದ್ದು ಇನ್ನೊಂದಿದೆ. ಸಿಹಿ ಪಾನೀಯ ನಿಲ್ಲಿಸಿದ ಮಗುವಿನ ಲಿವರು ಕೆಲವೇ ವಾರಗಳಲ್ಲಿ ತನ್ನ ಕೊಬ್ಬನ್ನು ತಾನೇ ಇಳಿಸಿಕೊಳ್ಳುವುದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಅಷ್ಟು ಬೇಗ ಕ್ಷಮಿಸುವ ಜೀವ ಮನುಷ್ಯರಲ್ಲಿ ನನಗೆ ಸಿಕ್ಕಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ನೀಲಾಂಬಿಕಾ ಗಿಲಾಸು ಹಿಡಿದು ಬಂದಾಗ ಬೈಯಬೇಡಿ. ಬಾಯಾರಿಕೆಗೆ ನೀರು ಕೊಡಿ, ಕೈಗೆ ಒಂದು ಸಣ್ಣ ಗೊಂಚಲು ಕೊಡಿ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ನೀವೂ ಪಕ್ಕದಲ್ಲಿ ಕೂತು ಜಗಿಯಿರಿ.

ಹಿಂದಂಚೆಗೆ ಮರುಟಪಾಲಿಲ್ಲ. ಕಾಗದ ನಿಮಗೆ ಮುಟ್ಟಿತೆಂದು ತಿಳಿಯಲು ನಮಗೆ ಒಂದೇ ದಾರಿ. ನಾಳೆ ಬೆಳಿಗ್ಗೆ, ನಾವೆಂದೂ ಕಾಣದ ಯಾರೋ ಬಾಗಿಲಿಗೆ ಬಂದು, "ನಾವು ನೀಲಾಂಬಿಕಾನ ಮಂದಿ ಅದೀವ್ರಿ" ಎನ್ನಬೇಕು. ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಿಟ್ಟಿದ್ದೇನೆ.

ನಿಮ್ಮ
ಚೆನ್ನಾಂಬರಿ