ಬಿಟ್ಟುಹೋದ ಎರಡು ಬಳೆ

ಮನೆಯಿಂದ
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಚಿಕ್ಕವಳಿಗೆ,

ಮೂವತ್ತೊಂದು ವರ್ಷದಿಂದ ಈ ಮನೆಗೂ ಅದರ ಮುಂದಿನ ಕೋಣೆಯ ಮಣಿ ಕೆಲಸಕ್ಕೂ ಯಜಮಾನಿಯಾಗಿರುವ ನಿನ್ನ ಅಮ್ಮ ಬರೆಯುತ್ತಿದ್ದೇನೆ. ಹನ್ನೊಂದು ಹೆಂಗಸರು ನನ್ನ ಮಾತು ಕೇಳಿ ಮಣಿ ಪೋಣಿಸುತ್ತಾರೆ, ಕೇಳದವಳು ನೀನೊಬ್ಬಳೇ. ಜ್ವರ ಬಿಟ್ಟಿತೇ? ಅಕ್ಕನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಅವಳು ಬಡಿಸುತ್ತಾಳೆ, ಒತ್ತಾಯ ಮಾಡುವವಳಲ್ಲ. ನೀನೇ ಕೇಳಿ ಹಾಕಿಸಿಕೊ.

ನಿನ್ನ ಕಾಲೇಜಿನ ಪ್ರಾಂಶುಪಾಲರಿಗೆ ತಲುಪಿಸು ಅಂತ ನೀನು ಕಳಿಸಿದ ರಾಜೀನಾಮೆ ಸೋಮವಾರ ಬಂತು. ಅದರ ಮಾತು ಆಮೇಲೆ. ಸಂಖ್ಯಾ ಸಿದ್ಧಾಂತದ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದದ್ದು ನಾಲ್ಕಾಯಿತು, ಶುಕ್ರವಾರದೊಳಗೆ ಪಾಠ ಬೇಕೆಂದು ಹದಿನೈದು ಮಕ್ಕಳ ಸಹಿ ಬೀಳದಿದ್ದರೆ ಪಾಠವನ್ನೇ ನಿಲ್ಲಿಸುತ್ತಾರೆ, ನನಗೆ ಕಲಿಸಲು ಬರುವುದಿಲ್ಲ ಅಂತ ಬರೆದಿದ್ದೀಯ. ನಿನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಮೊದಲ ಹನ್ನೆರಡು ಪುಟ ಬರೀ ವ್ಯಾಖ್ಯೆ. ಅಡುಗೆಮನೆಯೊಳಗೆ ಬಿಡದೆ ಪಾತ್ರೆಗಳ ಹೆಸರು ಬಾಯಿಪಾಠ ಮಾಡಿಸಿದ ಹಾಗಾಯಿತು. ನಾನಾಗಿದ್ದರೂ ಎದ್ದು ಹೋಗುತ್ತಿದ್ದೆ.

ಮಂಗಳವಾರ ಆ ನಾಲ್ವರೂ ನೀನು ಯಾವಾಗ ಬರುತ್ತೀಯ ಅಂತ ಕೇಳಿಕೊಂಡು ಬಂದರು. ನನ್ನ ಮನೆಯಲ್ಲಿ ಕೈ ಖಾಲಿ ಇಟ್ಟುಕೊಂಡು ಕೂರುವ ಪದ್ಧತಿ ಇಲ್ಲವಲ್ಲ. ಕಪ್ಪು ಬಿಳಿ ಮಣಿ ಮುಂದಿಟ್ಟು, ಏಳು ಮಣಿಯ ಬಳೆ ಕಟ್ಟಿ, ಒಂದರ ಹಾಗೆ ಇನ್ನೊಂದು ಇರಬಾರದು, ಒಟ್ಟು ಎಷ್ಟಾಗುತ್ತವೆ ಹೇಳಿ ಅಂದೆ. ನಮ್ಮ ಮಣಿಗೆ ಬೆನ್ನು ಚಪ್ಪಟೆ, ತಿರುಗಿಸಿ ಹೊಂದಿದರೆ ಒಂದೇ ಲೆಕ್ಕ, ಮಗುಚುವ ಹಾಗಿಲ್ಲ ಅಂತಲೂ ಹೇಳಿದೆ. ಜಗಳವಾಡಿಕೊಂಡು ಇಪ್ಪತ್ತು ಕಟ್ಟಿದರು. ಆಮೇಲೆ ಎತ್ತರದ ಹುಡುಗಿ ಲೆಕ್ಕ ಹಿಡಿದಳು: ಗಂಟು ಹಾಕದ ಸರ ನೂರ ಇಪ್ಪತ್ತೆಂಟು, ಒಂದೇ ಬಣ್ಣದವು ಎರಡನ್ನು ತೆಗೆದಿಟ್ಟರೆ ನೂರ ಇಪ್ಪತ್ತಾರು, ಒಂದೊಂದು ಬಳೆಯನ್ನು ತಿರುಗಿಸುತ್ತ ಬಿಚ್ಚಿದರೆ ಏಳೇಳು ಸರ, ಅಲ್ಲಿಗೆ ಹದಿನೆಂಟು, ತೆಗೆದಿಟ್ಟ ಎರಡು ಸೇರಿ ಇಪ್ಪತ್ತು. "ಏಳು ಅವಿಭಾಜ್ಯ ಸಂಖ್ಯೆ ಅಜ್ಜಿ, ಅದಕ್ಕೇ ಚೂರೂ ಉಳಿಯಲಿಲ್ಲ. ಮಿಸ್ ಬೋರ್ಡ್ ಮೇಲೆ ಬರೆದಿದ್ದು ಇದೇನಾ?" ಅಂದಳು. ಅಜ್ಜಿ ಅನ್ನಬೇಡ, ಗಂಟು ಬಿಗಿಯಾಗಿ ಹಾಕು ಅಂದೆ. ಆಮೇಲೆ ಆರು ಮಣಿ ಕೊಟ್ಟೆ. ಅಲ್ಲಿ ಚೂರು ಉಳಿದು ಲೆಕ್ಕ ಮುಗ್ಗರಿಸಿತು. ಅವರ ಮುಖ ನೋಡಬೇಕಿತ್ತು ನೀನು.

ಬುಧವಾರ ಸ್ನೇಹಿತರನ್ನೂ ಕರೆತಂದರು. ಕಾಲಿಡಲು ಜಾಗವಿರಲಿಲ್ಲ. "ಡಿಗ್ರಿ ಓದೋರಿಗೆ ಸೂಜಿಗೆ ದಾರ ಹಾಕೋಕೆ ಬರಲ್ವಲ್ಲಮ್ಮ" ಅಂತ ನಮ್ಮ ಹಳೇ ಕೆಲಸದವಳು ಅವರನ್ನು ಆಡಿಕೊಂಡಳು. ಫೋನಿನ ಗುಟ್ಟು ಕಾಯುವ ಬೀಗಗಳ ಬುಡದಲ್ಲೂ ಇದೇ ಲೆಕ್ಕ ಇದೆಯಂತೆ, ದಪ್ಪ ಕನ್ನಡಕದ ಹುಡುಗ ಹೇಳಿದ. ನೀನು ನನಗೆ ಯಾಕೆ ಹೇಳಿರಲಿಲ್ಲ?

ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳು. ತಲೆ ಒದ್ದೆ ಇಟ್ಟುಕೊಂಡು ಮಲಗಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ಒಂದು ಮಾತು ಬಿಟ್ಟಿದ್ದೆ. ನಿನಗೆ ಹತ್ತು ವರ್ಷವಿದ್ದಾಗ ಇದೇ ಕಪ್ಪು ಬಿಳಿಯ ಆರು ಮಣಿಯ ಬಳೆ ಎಲ್ಲ ನಮೂನೆಯೂ ಒಂದೊಂದು ಬೇಕೆಂದು ಅಂಗಡಿಯವರು ಕೇಳಿದ್ದರು. ನಾನು ಹನ್ನೆರಡು ಕಟ್ಟಿದೆ. "ಅಮ್ಮಾ, ಇನ್ನೂ ಎರಡು ಬಿಟ್ಟುಹೋಗಿವೆ, ಕೆಲವು ಅರ್ಧ ಸುತ್ತಿಗೇ ಮೊದಲಿನ ಹಾಗಾಗ್ತವೆ" ಅಂದೆ ನೀನು. ದೊಡ್ಡವರಿಗೆ ಬುದ್ಧಿ ಹೇಳಬೇಡ ಅಂತ ಗದರಿದೆ. ಮರುದಿನ ನೀನು ಶಾಲೆಗೆ ಹೋದ ಮೇಲೆ ಆ ಎರಡನ್ನೂ ಕಟ್ಟಿ ಕಳಿಸಿದೆ. ಇಷ್ಟು ವರ್ಷ ಹೇಳಲಿಲ್ಲ. ನನಗೇ ಕಲಿಸಿದವಳಿಗೆ ಕಲಿಸಲು ಬರುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಮಕ್ಕಳು ಸಹಿ ಹಾಕಲು ಕಾಗದ ಕೇಳಿದರು. ನಿನ್ನ ರಾಜೀನಾಮೆಯ ಹಿಂಬದಿ ಖಾಲಿ ಇತ್ತು, ಮುಂಬದಿಗೆ ಅಡ್ಡಗೆರೆ ಎಳೆದು ಕೊಟ್ಟೆ. ಹತ್ತೊಂಬತ್ತು ಸಹಿ ಬಿತ್ತು. ಇವತ್ತು ಬೆಳಿಗ್ಗೆ ನಾನೇ ಹೋಗಿ ಪ್ರಾಂಶುಪಾಲರಿಗೆ ಕೊಟ್ಟೆ. ಅವರು ಮಗುಚಿ ನೋಡಿ, ಇದೇನು ಅಂದರು. ಅದು ಬೆನ್ನು, ಲೆಕ್ಕಕ್ಕಿಲ್ಲ ಅಂದೆ. ಸಹಿ ಇದ್ದ ಕಡೆಗೆ ಮೊಹರು ಒತ್ತಿದರು.