ಹತ್ತು ವರ್ಷದ ನೋವು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1

ಹಸುಗಳಿಗೆ ಹುಲ್ಲು ಹಾಕಿ ಕೂತೆ. ಬಲಪಕ್ಕೆ ಮತ್ತೆ ಹಿಂಡುತ್ತಿದೆ. ಪಿತ್ತಕೋಶದಲ್ಲಿ ಮೂರು ಕಲ್ಲು. ಆಪರೇಷನ್ನೇ ಗತಿಯಂತೆ. ತಂಗಿ ಸಿರಿಗೆ ಹೇಳೋಣವೆಂದು ಫೋನ್ ಮಾಡಿದರೆ — "ನಂಗೂ ಐತೆ ಕಣಕ್ಕ ಕಲ್ಲು!"

ಇದನ್ನಾದರೂ ನನ್ನೊಬ್ಬಳಿಗೇ ಬಿಡಬಾರದಿತ್ತೇ?

ಅವಳು ಇಂಗ್ಲೆಂಡಿನಲ್ಲಿ ನರ್ಸು. ಅಲ್ಲಿ ಆಸ್ಪತ್ರೆಗೆ ಬಿಲ್ಲೆಂಬುದೇ ಇಲ್ಲವಂತೆ. "ಸಂಬಳದಲ್ಲಿ ಒಸಿ ಮುರ್ಕತಾರೆ, ಅಷ್ಟೆಯ. ಹೋಗದು, ಮಲಗದು, ಮಾಡಿಸ್ಕಂಡು ಬರದು." ಹೊಟ್ಟೆ ಉರಿಯಿತು. ಕಲ್ಲಿನಿಂದಲ್ಲ.

ಚಿಕ್ಕಂದಿನಲ್ಲೂ ಹೀಗೇ. ನನಗೆ ಜ್ವರ ಬಂದರೆ ಮರುದಿನ ಅವಳಿಗೂ. ಅವ್ವ ಹಾಲು, ಬ್ರೆಡ್ಡು ಹಿಡಿದು ಅವಳ ಪಕ್ಕ ಕೂರುತ್ತಿದ್ದಳು. ನನಗೆ — "ದೊಡ್ಡೋಳು ಕಣೆ ನೀನು, ಎದ್ದು ಕಸ ಗುಡ್ಸು."

ಮಾರ್ಚ್ 5

ಇವರು ಕೇಳಿ ನಕ್ಕರು. "ಫ್ರೀ ಇದ್ರೇನು, ಕ್ಯೂ ಎಷ್ಟೈತೆ ಕೇಳು. ನಮ್ದು ಪ್ರೈವೇಟ್ ಪಾಲಿಸಿ. ಕಾರ್ಡ್ ತೋರ್ಸು, ಮಲ್ಕೊ." ಆರೋಗ್ಯ ವಿಮೆಯ ಆ ಪಾಲಿಸಿ ಮಾಡಿಸಿ ಮೂರು ವರ್ಷ. ಒಂದು ಸಲವೂ ಕ್ಲೇಮ್ ಮಾಡಿಲ್ಲ.

ಸಿರಿಯನ್ನು ಕೇಳಿದೆ. ಹದಿನಾಲ್ಕು ತಿಂಗಳು ಕಾಯಬೇಕಂತೆ! ಅವಳೇ ಕೆಲಸ ಮಾಡುವ ಆಸ್ಪತ್ರೆಯಲ್ಲಿ! "ನಂದು ವಾರದಲ್ಲೇ ಆಯ್ತದೆ" ಎಂದು ಹೇಳದೆ ಇರಲಾಗಲಿಲ್ಲ. ಯಾರಿಗೂ ಹೇಳಬಾರದು, ಇಲ್ಲಿ ಬರೆಯುತ್ತೇನೆ — ಖುಷಿಯಾಯಿತು. ಕೋಳಿ ಸಾರಿಗೆ ಒಂದು ಮುದ್ದೆ ಹೆಚ್ಚಿಗೆ ಉಂಡೆ. ಆಮೇಲೆ ನೋವಿಗೆ ಹೊರಳಾಡಿದೆ.

ಮಾರ್ಚ್ 12

ನೆಲಮಂಗಲದ ಆಸ್ಪತ್ರೆ. ಎ.ಸಿ. ಸಿರಿ ನೋಡಲೆಂದೇ ವಿಡಿಯೋ ಕಾಲ್ ಮಾಡಿದೆ. "ನೋವು ಯಾವಾಗಿಂದ ಇದೆ?" ಅಂದರು ಡಾಕ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನಿನೊಳಗಿಂದ ಇವಳು — "ಅಕ್ಕಂದು ಹೊಸದು ಸಾರ್. ನಾನು ಎರಡು ವರ್ಷದಿಂದ ತಡ್ಕಂಡಿವ್ನಿ."

ತಡೆದುಕೊಂಡಿದ್ದಾಳಂತೆ! ಮೈಯೆಲ್ಲ ಉರಿದುಹೋಯಿತು.

"ನಂದು ಹತ್ತು ವರ್ಷದ ನೋವು ಸಾರ್," ಅಂದುಬಿಟ್ಟೆ. ಶುರುವಾದದ್ದು ಹೋದ ದೀಪಾವಳಿಗೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಸಿರಿಯ ಬಾಯಿ ಮುಚ್ಚಿತು. ಸೋಮವಾರ ಅಡ್ಮಿಟ್.

ಮಾರ್ಚ್ 17. ರಾತ್ರಿ

ಹಸಿರು ಗೌನ್ ತೊಟ್ಟು ಕೂತಿದ್ದೆ. ಕ್ಲೇಮ್ ರಿಜೆಕ್ಟ್. ಕೌಂಟರಿನ ಹುಡುಗಿ ಓದಿ ಹೇಳಿದಳು — ನೋವು ಹತ್ತು ವರ್ಷದ್ದು, ಪಾಲಿಸಿ ಮೂರು ವರ್ಷದ್ದು, ಕಾಯಿಲೆ ಮುಚ್ಚಿಟ್ಟಿದ್ದೀರಿ.

"ಅದು ಮಾತಿಗಂದಿದ್ದು ಕಣವ್ವ. ನಮ್ ಸೋಲೂರ್ ಕಡೆ ಎಲ್ಲದ್ಕೂ ಹತ್ತು ವರ್ಷ ಅಂತೀವಿ."

"ಮಾತಿಗೆ ಅಂತ ಬರೆಯೋಕೆ ಕಾಲಂ ಇಲ್ಲ ಮೇಡಂ."

ಬಸ್ಸಿನಲ್ಲಿ ಇವರದು ಒಂದೇ ಪ್ರಶ್ನೆ: "ಹತ್ತು ವರ್ಷ ಅಂತ ಯಾಕಂದೆ?" ಕಿಟಕಿ ಕಡೆ ತಿರುಗಿಕೊಂಡೆ.

ಏಪ್ರಿಲ್ 9

ಹಾಲು ಕರೆಯಲು ಕೂರಲಾಗುತ್ತಿಲ್ಲ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಜೂನ್ ಕೊನೆಗೆ ಬಾ ಅಂದಿದ್ದಾರೆ. ಇಲ್ಲೂ ಬಿಲ್ಲಿಲ್ಲ, ಇಲ್ಲೂ ಕ್ಯೂ. ಕಲ್ಲು ಪಿತ್ತನಾಳಕ್ಕೆ ಜಾರಿದರೆ ಜೀವಕ್ಕೇ ಅಪಾಯವಂತೆ. ಭಯವಾಗುತ್ತಿದೆ.

ಇವರು ಸಿರಿಗೆ ಎಲ್ಲ ಹೇಳಿಬಿಟ್ಟಿದ್ದಾರೆ. ಫೋನ್ ಮಾಡಿದಳು. "ಕಂಪನಿಗೆ ಅಪೀಲ್ ಹಾಕನ ಅಕ್ಕ. ದೀಪಾವಳಿ ದಿನ ನಂಗೆ ವಾಯ್ಸ್ ಮೆಸೇಜ್ ಹಾಕಿದ್ಯಲ್ಲ — ಇವತ್ತೇ ಮೊದ್ಲು ಇಂಥ ನೋವು ಅಂತ. ಇಟ್ಕಂಡಿವ್ನಿ."

ಇಟ್ಟುಕೊಂಡಿದ್ದಾಳೆ! ಎರಡು ವರ್ಷ ಅವಳಿಗೆ ನೋವಿತ್ತು. ನಾನು ಒಂದು ದಿನವೂ ಕೇಳಿರಲಿಲ್ಲ.

ಏಪ್ರಿಲ್ 10. ಮಧ್ಯಾಹ್ನ

ಅಪೀಲ್ ಇಂಗ್ಲಿಷಿನಲ್ಲಿರಬೇಕು. ನಾನು ಹೇಳುವುದು, ಸಿರಿ ಟೈಪ್ ಮಾಡುವುದು. ನೈಟ್ ಡ್ಯೂಟಿ ಮುಗಿಸಿ, ಪಕ್ಕೆ ಹಿಡಿದುಕೊಂಡೇ ಕೂತಿದ್ದಾಳೆ. ಹೆಸರು, ಪಾಲಿಸಿ ನಂಬರು, ತಾರೀಕು — ಆಯಿತು.

"ಕೊನೇದು ಅಕ್ಕ. ಡಾಕ್ಟ್ರಿಗೆ ತಪ್ಪು ಹೇಳಕ್ಕೆ ಕಾರಣ ಏನು? ನಿಜ ಹೇಳು. ಸುಳ್ಳು ಬರುದ್ರೆ ಒಪ್ಪಕಿಲ್ಲ."

ಹೇಳಿದೆ — "ಬರ್ಕೊ. ನನ್ ತಂಗಿ ಎರಡು ವರ್ಷ ಅಂದ್ಲು. ಅದ್ಕೆ."

ಟೈಪ್ ಮಾಡುವ ಸದ್ದು ನಿಂತಿತು.

"ಅಕ್ಕಾ... ನಂದೂ ಎರಡು ವರ್ಷದ್ದಲ್ಲ ಕಣಕ್ಕ. ನಿಂದು ವಾರದಲ್ಲೇ ಆಯ್ತದೆ ಅಂದ್ಯಲ್ಲ, ಆವಾಗ ನಂಗೆ —"