ನನ್ನ ಕಾಲಿನ ನರ

ಹುಕ್ಕೇರಿ
೧೪-೮-೧೯೬೨

ಕುಲಗೋಡದಾಗಿರೋ ನನ್ನ ಅಪ್ಪಗ ಇಂದ್ರವ್ವನ ನಮಸ್ಕಾರ.

ಗಂಡನ್ನ ಕುಷ್ಠರೋಗದ ದವಾಖಾನಿಯೊಳಗ ಬಿಟ್ಟು ಮನಿಗೆ ಬಾ ಅಂತ ಬರದಿದ್ದಿ. ಓದಿದೆ. ಮೊದಲ ಇಲ್ಲಿ ಆದದ್ದು ಕೇಳು.

ನರಕ್ಕ ಸುತ್ತಿಕೊಂಡು ಅದನ್ನ ಕಾಯೋ ಜೀವಕೋಶ ಇರತಾವಂತ. ಈ ರೋಗ ಅವುಗಳೊಳಗನ ಅಡಗತೈತಂತ. ಅದನ್ನ ತಿಳಿಯಾಕ ಡಾಕ್ಟರು ಇವರ ಕಾಲಿನ ನರದ ಚೂರು ತಗದು, ತೆಳ್ಳಗ ಕೊಯ್ದು, ಬಣ್ಣ ಹಾಕಿ ನೋಡಿದರು. ಹೋಲಿಸಾಕ ರೋಗ ಇಲ್ಲದವರ ನರಾನೂ ಬೇಕಾಗಿತ್ತು. ಯಾರೂ ಕೊಡಲಿಲ್ಲ.

"ನಂದು ತಗೋರಿ" ಅಂದೆ.

"ಪಾದದ ಅಂಚಿಗೆ ಜೋಮು ಉಳಿತೈತಿ, ತಂಗಿ" ಅಂದರು ಡಾಕ್ಟರು.

"ಉಳೀಲಿ ಬಿಡ್ರಿ."

ನಿನ್ನೆ ಮೈಕ್ರೋಸ್ಕೋಪಿನಾಗ ಎರಡೂ ತೋರಿಸಿದರು. ನನ್ನ ನರದ ಎಳಿ ಒಂದೊಂದಕ್ಕೂ ಕರೇ ಬಳಿ ತೊಡಿಸಿದಂಗ ಇತ್ತು. ಇವರದರಾಗ ಬಳಿ ಭಾಳ ಒಡದಿದ್ದವು. ಇವರು ನನ್ನದನ್ನ ಭಾಳೊತ್ತು ನೋಡಿ, "ಇಷ್ಟು ಚಂದ ಇರತೈತೇನ?" ಅಂದರು. ಡಾಕ್ಟರಕಿ ಕಲಿಯಾಕ ಬಂದವರಿಗೆಲ್ಲ ಈಗ ನನ್ನ ನರಾನ ಪಾಠ. ನಾಕನೇ ಇಯತ್ತೆ ಕಲತಾಕಿ ನಾನು!

ನಾ ಬರೂದಿಲ್ಲ, ಅಪ್ಪಾ. ಈಗ ನನ್ನ ಪಾದದ ಅಂಚಿಗೆ ಕಲ್ಲು ಚುಚ್ಚಿದರೂ ಗೊತ್ತಾಗೂದಿಲ್ಲ. ಮೆತ್ತನ್ನ ಚಪ್ಪಲಿ ಒಂದ ಜೋಡಿ ತಗೊಂಡು ನೀನ ಬಾ. ನಿನಗೂ ಆ ನರ ತೋರಸತೇನಿ.

ನಿನ್ನ ಮಗಳು,
ಇಂದ್ರವ್ವ